ಮೊದಲು ನೀರಿನ ಲೆಕ್ಕ, ಆಮೇಲೆ ನೇಗಿಲು
ಉತ್ತರ ಆಸ್ಟ್ರೇಲಿಯದ ನದಿಗಳು ಕಲಿಸುತ್ತಿರುವ ಪಾಠ

ತಿಂಗಳ ಮೊದಲ ದಿನ ಸಂಬಳದ ಹಣ ಕೈಗೆ ಬಂದೊಡನೆ ಜಾಣೆಯಾದ ಗೃಹಿಣಿ ಏನು ಮಾಡುತ್ತಾಳೆಂಬುದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಬಾಡಿಗೆ, ಹಾಲು, ಅಕ್ಕಿ, ಮಕ್ಕಳ ಶಾಲೆಯ ಫೀಜು ಇವುಗಳನ್ನೆಲ್ಲ ಮೊದಲು ತೆಗೆದಿರಿಸಿ, ಮಿಕ್ಕುದರಲ್ಲಿ ಹೊಸ ಖರ್ಚಿಗೆ ಎಷ್ಟು ಸಿಕ್ಕೀತೆಂದು ಎಣಿಸುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇದಕ್ಕಾಗಿಯೇ ಹುಟ್ಟಿತು. ಆದರೆ ಮನೆವಾರ್ತೆಯಲ್ಲಿ ಇಷ್ಟು ಸುಲಭವಾದ ಈ ನೀತಿ, ನದಿಯ ವಿಷಯ ಬಂದಾಗ ಮಾತ್ರ ಮನುಷ್ಯನಿಗೆ ಮರೆತುಹೋಗುತ್ತದೆ. ತುಂಬಿ ಹರಿಯುವ ಹೊಳೆಯನ್ನು ಕಂಡೊಡನೆ ಅವನಿಗೆ ಹಸಿರು ಗದ್ದೆಗಳ ಕನಸು ಬೀಳುತ್ತದೆ. ಲೆಕ್ಕ ಹಾಕುವುದು ಆಮೇಲೆ. ಎಷ್ಟೋ ಸಲ ತೀರ ತಡವಾದ ಮೇಲೆ.

ಇಂತಹ ಕನಸನ್ನು ಒಂದು ಶತಮಾನಕ್ಕೂ ಮೇಲ್ಪಟ್ಟು ಕಂಡು, ಹಲವು ಸಲ ಕೈಸುಟ್ಟುಕೊಂಡು, ಈಗ ಕೈಯಲ್ಲಿ ಅಳತೆಗೋಲು ಹಿಡಿದು ನಿಂತಿರುವ ಒಂದು ನಾಡಿನ ಕಥೆ ಇದು.

ಹೊಳೆಗಳಿವೆ, ಊರುಗಳಿಲ್ಲ

ಆಸ್ಟ್ರೇಲಿಯ ಖಂಡದ ಭೂಪಟವನ್ನು ಬಿಡಿಸಿ ಅದರ ಉತ್ತರದ ಅಂಚನ್ನು ನೋಡಿರಿ. ಫಿಟ್ಸ್‌ರಾಯ್, ಆರ್ಡ್, ವಿಕ್ಟೋರಿಯ, ಡೇಲಿ, ರೋಪರ್, ಫ್ಲಿಂಡರ್ಸ್, ಗಿಲ್ಬರ್ಟ್, ಮಿಚೆಲ್ ಹೀಗೆ ಒಂದರ ಪಕ್ಕಕ್ಕೊಂದು ನದಿಗಳು ಸಮುದ್ರಕ್ಕೆ ಇಳಿಯುತ್ತವೆ. ಇವು ಸಣ್ಣ ಹಳ್ಳಗಳಲ್ಲ. ಪಶ್ಚಿಮದ ಫಿಟ್ಸ್‌ರಾಯ್ ನದಿಯೊಂದರ ಜಲಾನಯನ ಪ್ರದೇಶವೇ ಸುಮಾರು 94,000 ಚದರ ಕಿಲೋಮೀಟರು. ನಮ್ಮ ಕಾವೇರಿಯ ಇಡೀ ಕೊಳ್ಳ 81,155 ಚದರ ಕಿಲೋಮೀಟರು ಎಂಬುದನ್ನು ನೆನೆದರೆ ಅದರ ವಿಸ್ತಾರ ಎಷ್ಟೆಂಬುದು ತಿಳಿದೀತು. ಕಾವೇರಿಯ ಕೊಳ್ಳದಲ್ಲಿ ಕೋಟಿಗಟ್ಟಲೆ ಜನ ಬಾಳುತ್ತಾರೆ. ಫಿಟ್ಸ್‌ರಾಯ್ ಕೊಳ್ಳದ ಜನಸಂಖ್ಯೆಯಾದರೋ ನಮ್ಮ ಒಂದು ದೊಡ್ಡ ಹೋಬಳಿಯಷ್ಟೂ ಇಲ್ಲ. ದನಗಳ ವಿಶಾಲವಾದ ಕಾವಲುಗಳು, ಮೂಲನಿವಾಸಿಗಳ ಚಿಕ್ಕ ಚಿಕ್ಕ ನೆಲೆಗಳು, ನಡುವೆ ಮೈಲಿಗಟ್ಟಲೆ ಹುಲ್ಲುಗಾವಲು.

ಆ ದೇಶದ ದಕ್ಷಿಣ ಭಾಗದ ಸ್ಥಿತಿಯೇ ಬೇರೆ. ಅಲ್ಲಿನ ಮರ್ರೆ ಮತ್ತು ಡಾರ್ಲಿಂಗ್ ನದಿಗಳ ನೀರನ್ನು ರೈತರು ಹನಿಹನಿಯಾಗಿ ಹಂಚಿಕೊಂಡು, ಕೊನೆಗೆ ನದಿಯೇ ಸೊರಗುವಂತೆ ಆಗಿದೆ. ಹೀಗಿರಲು, ‘ಉತ್ತರದ ನೀರೆಲ್ಲ ವ್ಯರ್ಥವಾಗಿ ಸಮುದ್ರದ ಪಾಲಾಗುತ್ತಿದೆಯಲ್ಲ!’ ಎಂದು ಆ ಜನ ಹಲುಬಿದ್ದು ಸಹಜವೇ. ಸಿಡ್ನಿ ಬಂದರಿನ ಸುಪ್ರಸಿದ್ಧ ಸೇತುವೆಯ ನಿರ್ಮಾಣವನ್ನು ನಡೆಸಿದ ಜಾನ್ ಬ್ರಾಡ್‌ಫೀಲ್ಡ್ ಎಂಬ ಇಂಜಿನಿಯರರು 1938ರಲ್ಲಿ, ಕ್ವೀನ್ಸ್‌ಲ್ಯಾಂಡಿನ ಕರಾವಳಿಯ ನದಿಗಳನ್ನು ಬೆಟ್ಟ ದಾಟಿಸಿ ಒಣಗಿದ ಒಳನಾಡಿಗೆ ತಿರುಗಿಸುವ ಭಾರಿ ಯೋಜನೆಯನ್ನೇ ಮುಂದಿಟ್ಟರು. ಅದು ಕಾಗದದ ಮೇಲೆಯೇ ಉಳಿಯಿತು. ಆದರೆ ಆ ಕನಸು ಮಾತ್ರ ಪ್ರತಿ ಬರಗಾಲದಲ್ಲಿಯೂ ಮತ್ತೆ ಮತ್ತೆ ಚಿಗುರುತ್ತಿರುತ್ತದೆ.

ಬತ್ತ ಬೆಳೆದವರು ಒಬ್ಬರು, ಉಂಡವು ಬಾತುಗಳು

ಉತ್ತರದಲ್ಲಿ ಕೈಹಾಕಿದ ಮೊದಮೊದಲ ಸಾಹಸಗಳಲ್ಲಿ ಒಂದು, ಡಾರ್ವಿನ್ ನಗರದ ಸಮೀಪ ಹಂಪ್ಟಿ ಡೂ ಎಂಬ ವಿನೋದದ ಹೆಸರಿನ ಊರಿನಲ್ಲಿ ನಡೆಯಿತು. 1950ರ ದಶಕದಲ್ಲಿ ಅಮೆರಿಕದ ಬಂಡವಾಳಗಾರರ ನೆರವಿನಿಂದ ಅಡಿಲೇಡ್ ನದಿಯ ಬಯಲಿನಲ್ಲಿ ಬತ್ತದ ಬೇಸಾಯ ಆರಂಭವಾಯಿತು. ನೀರಾವರಿಗೆಂದು ಫಾಗ್ ಅಣೆಕಟ್ಟು ಎದ್ದಿತು. ಏಷ್ಯಕ್ಕೆಲ್ಲ ಅಕ್ಕಿ ಕಳಿಸುವ ಮಾತುಗಳೂ ಕೇಳಿಬಂದವು.

ಆದರೆ ಆ ಬಯಲು ಅನಾದಿಕಾಲದಿಂದ ಮ್ಯಾಗ್‌ಪೈ ಗೂಸ್ ಎಂಬ ಕಪ್ಪು ಬಿಳುಪಿನ ಕಾಡುಬಾತುಗಳ ಆಡುಂಬೊಲವಾಗಿತ್ತು. ತಮಗಾಗಿಯೇ ಇಕ್ಕಿದ ಔತಣವೆಂದು ತಿಳಿದು ಅವು ಹಿಂಡುಹಿಂಡಾಗಿ ಗದ್ದೆಗಳಿಗೆ ಇಳಿದವು. ಅವನ್ನು ಓಡಿಸಲು ಬಂದೂಕು ಹಿಡಿದ ಸೈನಿಕರನ್ನು ಕೂಡ ಕರೆಸಬೇಕಾಯಿತು. ಬಾತುಗಳಷ್ಟೇ ಶತ್ರುಗಳಲ್ಲ. ನೀರನ್ನು ಬೇಕಾದಾಗ ಹಾಯಿಸಿ ಬೇಡವಾದಾಗ ಬಸಿಯುವ ಏರ್ಪಾಡು ಸರಿಯಿರಲಿಲ್ಲ. ಮಣ್ಣಿನಲ್ಲಿ ಉಪ್ಪೂ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಯೋಜನೆ ಕುಸಿಯಿತು. ಇಂದು ಫಾಗ್ ಅಣೆಕಟ್ಟು ಪಕ್ಷಿಪ್ರೇಮಿಗಳು ದೂರದರ್ಶಕ ಹಿಡಿದು ಹೋಗುವ ಪಕ್ಷಿಧಾಮವಾಗಿದೆ. ಕೊನೆಗೂ ಗೆದ್ದವು ಬಾತುಗಳೇ!

ಆರ್ಡ್ ನದಿಯ ಕಥೆ

ಇದಕ್ಕಿಂತ ಎಷ್ಟೋ ಪಾಲು ದೊಡ್ಡ ಸಾಹಸ ಆರ್ಡ್ ನದಿಯದು. ಅಲ್ಲಿ ಕೆಲಸ ಅವಸರದಿಂದ ಆರಂಭವಾಯಿತೆಂದು ಹೇಳುವಂತಿಲ್ಲ. ಆ ಸೀಮೆಯ ಹಳೆಯ ದನಗಾಹಿ ಮನೆತನಕ್ಕೆ ಸೇರಿದ ಕಿಂ ಡ್ಯೂರಕ್ ಎಂಬ ತರುಣ 1940ರ ದಶಕದ ಆರಂಭದಲ್ಲಿಯೇ ನದೀತೀರದಲ್ಲಿ ಪ್ರಯೋಗದ ತೋಟ ಹಾಕಿದ. ಯುದ್ಧ ಮುಗಿಯುವ ವೇಳೆಗೆ ಸರ್ಕಾರ ಕಿಂಬರ್ಲಿ ಸಂಶೋಧನಾ ಕೇಂದ್ರವನ್ನು ಅಲ್ಲಿ ಸ್ಥಾಪಿಸಿತು. ಅಲ್ಲಿನ ನೆಲ ನಮ್ಮ ರಾಯಚೂರು, ಸಿರುಗುಪ್ಪಗಳ ಎರೆಭೂಮಿಯ ಒಡಹುಟ್ಟಿದಂತಹ ಕಪ್ಪು ಜೇಡಿ. ಒಣಗಿದಾಗ ಅಂಗೈ ತೂರುವಂತೆ ಬಿರಿಯುತ್ತದೆ, ನೆನೆದಾಗ ಕಾಲಿಗೆ ಅಂಟಿ ಬಿಡದು.

1963ರಲ್ಲಿ ಪ್ರಧಾನಿ ಮೆಂಜೀಸರು ಆರ್ಡ್ ನದಿಯ ತಿರುವು ಅಣೆಯನ್ನು ಉದ್ಘಾಟಿಸಿದರು. ಕುನುನುರ್ರ ಎಂಬ ಹೊಸ ಊರು ಹುಟ್ಟಿತು. 1972ರಲ್ಲಿ ಮೇಲ್ಗಡೆ ದೊಡ್ಡ ಅಣೆಕಟ್ಟೂ ಪೂರ್ಣವಾಗಿ, ಆರ್ಗೈಲ್ ಸರೋವರ ಹರಡಿಕೊಂಡಿತು. 1996ರಲ್ಲಿ ಕೋಡಿಯನ್ನು 6 ಮೀಟರು ಎತ್ತರಿಸಿದ ಮೇಲೆ ಅದರಲ್ಲಿ ನಿಲ್ಲುವ ನೀರು ಸುಮಾರು 380 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ನಮ್ಮ ಕನ್ನಂಬಾಡಿ ಕಟ್ಟೆ ತುಂಬಿದರೆ 49.45 ಟಿ.ಎಂ.ಸಿ. ಅಂದರೆ ಏಳು ಕೃಷ್ಣರಾಜಸಾಗರಗಳನ್ನು ಅದರೊಳಗೆ ಸುರಿದರೂ ಇನ್ನೂ ಜಾಗ ಉಳಿದೀತು.

ಇಷ್ಟು ನೀರಿದ್ದರೆ ಸಿರಿ ತಾನಾಗಿಯೇ ಬಾರದೆ ಏನು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಬಂದುದು ಹುಳು. ಅಲ್ಲಿನ ರೈತರು ಮೊದಲು ನಂಬಿದ್ದು ಹತ್ತಿಯನ್ನು. ನಮ್ಮ ತೊಗರಿಯನ್ನೂ ಹತ್ತಿಯನ್ನೂ ಹಾಳುಮಾಡುವ ಕಾಯಿಕೊರಕ ಹುಳುವೇ ಅಲ್ಲಿಯೂ ಮುತ್ತಿತು. ಡಿ.ಡಿ.ಟಿ. ಹೊಡೆದರು. ಹುಳು ಅದಕ್ಕೆ ಒಗ್ಗಿಕೊಂಡಿತು. ಮತ್ತೂ ಹೊಡೆದರು. ಒಂದೊಂದು ಹಂಗಾಮಿನಲ್ಲಿ ಹತ್ತಾರು ಬಾರಿ ಔಷಧ ಸಿಂಪಡಿಸಿದರೂ ಹುಳುವಿಗೆ ಭಯವಿಲ್ಲ, ರೈತನಿಗೆ ಮಾತ್ರ ಸಾಲ. ದೊಡ್ಡ ಅಣೆಕಟ್ಟು ಮುಗಿದ ಎರಡೇ ವರ್ಷಕ್ಕೆ, 1974ರಲ್ಲಿ, ಹತ್ತಿಯ ಬೇಸಾಯವನ್ನು ಅಲ್ಲಿ ಕೈಬಿಡಬೇಕಾಯಿತು. ಆಮೇಲೆ ಬಂದ ಕಬ್ಬಿನ ಸರದಿಯೂ 2007ರಲ್ಲಿ ಸಕ್ಕರೆ ಕಾರ್ಖಾನೆ ಮುಚ್ಚುವುದರೊಂದಿಗೆ ಮುಗಿಯಿತು.

ಬ್ರೂಸ್ ಡೇವಿಡ್‌ಸನ್ ಎಂಬ ಅರ್ಥಶಾಸ್ತ್ರಜ್ಞರು 1965ರಷ್ಟು ಹಿಂದೆಯೇ ‘ದಿ ನಾರ್ದರ್ನ್ ಮಿಥ್’ ಎಂಬ ಗ್ರಂಥವನ್ನು ಬರೆದು, ಉತ್ತರದ ಬೇಸಾಯ ಹಣದ ಲೆಕ್ಕದಲ್ಲಿ ನಿಲ್ಲಲಾರದೆಂದು ವಾದಿಸಿದ್ದರು. ಪೇಟೆ ದೂರ, ಕೂಲಿ ದುಬಾರಿ, ಸಾಗಣೆಯ ವೆಚ್ಚ ಅಧಿಕ. ನೀರು ಅಗ್ಗವಾದ ಮಾತ್ರಕ್ಕೆ ಬೆಳೆ ಅಗ್ಗವಾಗದು ಎಂಬುದು ಅವರ ವಾದದ ತಿರುಳು. ಆಗ ಅದು ಅನೇಕರಿಗೆ ರುಚಿಸಲಿಲ್ಲ. ಮೊದಲು ಯೋಜಿಸಿದ್ದ ಸುಮಾರು 70,000 ಹೆಕ್ಟೇರು ನೆಲದಲ್ಲಿ ಅರ್ಧ ಶತಮಾನ ಕಳೆದರೂ ಅರ್ಧ ಭಾಗವೂ ಸಾಗುವಳಿಗೆ ಬಾರದಿದ್ದುದು ಅವರ ಮಾತಿಗೆ ಸಾಕ್ಷಿಯಾಗಿ ನಿಂತಿದೆ.

ನಮ್ಮ ಶ್ರೀಗಂಧ ಅಲ್ಲಿ!

ಇಲ್ಲಿ ಕನ್ನಡಿಗರಿಗೆ ಕುತೂಹಲವೆನಿಸುವ ಒಂದು ಸಂಗತಿಯನ್ನು ಹೇಳಬೇಕು. ಆರ್ಡ್ ಕಾಲುವೆಯ ಕೆಳಗೆ ಇಂದು ಎದ್ದು ಕಾಣುವ ಬೆಳೆಗಳಲ್ಲಿ ಒಂದು, ಮೈಸೂರು ಸೀಮೆಯ ಹೆಮ್ಮೆಯಾದ ಶ್ರೀಗಂಧ! ಗಂಧದ ಗಿಡ ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿಸಿ ಅದರಿಂದ ಆಹಾರ ಹೀರುವ ಅರೆಪರಾವಲಂಬಿ. ಆದ್ದರಿಂದ ಅದರ ಜೊತೆಗೆ ಆಸರೆಯ ಗಿಡಗಳನ್ನು ಹೊಂದಿಸಿ ನೆಡಬೇಕು. ಯಾವ ವಯಸ್ಸಿಗೆ ಯಾವ ಆಸರೆ ಒಳ್ಳೆಯದೆಂಬುದನ್ನು 1980ರ ದಶಕದಿಂದ ಕುನುನುರ್ರದಲ್ಲಿ ಪ್ರಯೋಗಿಸಿ ನೋಡಿ, ಆಮೇಲೆ ಸಾಲುಸಾಲಾಗಿ ತೋಪುಗಳನ್ನು ಎಬ್ಬಿಸಿದರು. ನಮ್ಮಲ್ಲಿ ಕಾಡಿನಿಂದ ಕಳ್ಳರ ಪಾಲಾಗುವ ಮರ ಅಲ್ಲಿ ಕಾಲುವೆಯ ನೀರು ಕುಡಿದು ಬೆಳೆಯುತ್ತಿದೆ. ಆದರೂ ಮರ ಬೆಳೆದಷ್ಟು ಸಲೀಸಾಗಿ ವ್ಯಾಪಾರ ಬೆಳೆಯಲಿಲ್ಲ. ಗಂಧದ ಉದ್ಯಮವೂ ಸಾಲಸೋಲಗಳ ಏರಿಳಿತವನ್ನು ಕಂಡಿದೆ.

ಅಳೆಯುವವರು ಬಂದರು

ಇಷ್ಟೆಲ್ಲ ಅನುಭವಗಳ ಬಳಿಕ ಆಸ್ಟ್ರೇಲಿಯದವರು ದಾರಿ ಬದಲಿಸಿದರು. ಮೊದಲು ಕಟ್ಟಿ ಆಮೇಲೆ ಕಲಿಯುವುದರ ಬದಲು ಮೊದಲು ಕಲಿಯೋಣ ಎಂದರು. ಆ ದೇಶದ ಸರ್ಕಾರಿ ವಿಜ್ಞಾನ ಸಂಸ್ಥೆಯಾದ ಸಿ.ಎಸ್.ಐ.ಆರ್.ಓ. ಉತ್ತರದ ನದಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಿತು. ಫ್ಲಿಂಡರ್ಸ್ ಮತ್ತು ಗಿಲ್ಬರ್ಟ್ ಕೊಳ್ಳಗಳ ವರದಿ 2013ರಲ್ಲಿಯೂ, ಫಿಟ್ಸ್‌ರಾಯ್, ಡಾರ್ವಿನ್ ಸುತ್ತಲಿನ ನದಿಗಳು ಮತ್ತು ಮಿಚೆಲ್ ಕೊಳ್ಳಗಳ ವರದಿ 2018ರಲ್ಲಿಯೂ ಹೊರಬಂದವು. ಅನಂತರ ರೋಪರ್, ವಿಕ್ಟೋರಿಯ ಮೊದಲಾದ ಕೊಳ್ಳಗಳ ಸರದಿ ಬಂದಿತು.

ಇವರು ಕೇಳುವ ಪ್ರಶ್ನೆಗಳು ಸರಳ. ನೀರು ಎಷ್ಟಿದೆ? ಅದು ಯಾವಾಗ ಬರುತ್ತದೆ? ಒಳ್ಳೆಯ ನೆಲ ನೀರಿನ ಹತ್ತಿರದಲ್ಲಿದೆಯೆ? ನೀರನ್ನು ಎಲ್ಲಿ ನಿಲ್ಲಿಸಬಹುದು? ಬೆಳೆದುದಕ್ಕೆ ಬೆಲೆ ಸಿಕ್ಕೀತೆ? ಕೊನೆಯದಾಗಿ, ನೀರನ್ನು ತೆಗೆದುಕೊಂಡರೆ ಯಾರ ಬಾಯಿಗೆ ಕಡಮೆಯಾದೀತು?

ಪ್ರಶ್ನೆಗಳು ಸರಳವಾದರೂ ಉತ್ತರ ಸರಳವಲ್ಲ. ಉತ್ತರ ಆಸ್ಟ್ರೇಲಿಯದಲ್ಲಿ ಮಳೆಯ ಬಹುಪಾಲು ನವೆಂಬರಿನಿಂದ ಏಪ್ರಿಲ್ ವರೆಗಿನ ಆರು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಉಳಿದ ಆರು ತಿಂಗಳು ಆಕಾಶ ಬರಿದು. ತೆರೆದ ಕೆರೆಯಿಂದ ವರ್ಷಕ್ಕೆ ಸುಮಾರು ಎರಡು ಮೀಟರಿನಷ್ಟು ನೀರನ್ನು ಬಿಸಿಲೇ ಕುಡಿದುಬಿಡುತ್ತದೆ. ನೆಲ ಸಮತಟ್ಟಾದುದರಿಂದ ಆಳವಾಗಿ ನೀರು ನಿಲ್ಲಿಸುವ ಕಣಿವೆಗಳು ವಿರಳ. ಅದಕ್ಕೇ ಅನೇಕ ಕಡೆಗಳಲ್ಲಿ ದೊಡ್ಡ ಅಣೆಕಟ್ಟಿನ ಬದಲು, ಪ್ರವಾಹದ ಕಾಲದಲ್ಲಿ ನೀರನ್ನು ಪಂಪಿನಿಂದ ಎತ್ತಿ, ಹೊಲದ ಬಳಿ ಸುತ್ತಲೂ ಮಣ್ಣಿನ ಏರಿ ಹಾಕಿದ ಹೊಂಡಗಳಲ್ಲಿ ತುಂಬಿಡುವ ಉಪಾಯವನ್ನು ಪರಿಶೀಲಿಸಿದರು. ನಮ್ಮ ಕೃಷಿಹೊಂಡದ ದೈತ್ಯಾಕಾರದ ಅಣ್ಣನೆಂದು ಇದನ್ನು ಕರೆಯಬಹುದು. ಅದರಲ್ಲಿಯೂ ಇಂಗಿ, ಆವಿಯಾಗಿ ಹೋಗುವ ಪಾಲು ಕಡಮೆಯಲ್ಲ.

ನೀರಿನ ವಯಸ್ಸನ್ನು ಕಂಡುಹಿಡಿಯುವ ಇವರ ವಿಧಾನ ಬಹು ಸ್ವಾರಸ್ಯವಾದುದು. ನೆಲದಡಿಯ ನೀರನ್ನು ಬಾವಿಯಿಂದ ತೆಗೆದು, ಅದರಲ್ಲಿ ಕರಗಿರುವ ವಿಕಿರಣಶೀಲ ಇಂಗಾಲ, ಟ್ರಿಟಿಯಂ, ಹೀಲಿಯಂ ಮೊದಲಾದವುಗಳ ಪ್ರಮಾಣವನ್ನು ಅಳೆಯುತ್ತಾರೆ. 1950 ಮತ್ತು 60ರ ದಶಕಗಳ ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಬೆರೆತ ಟ್ರಿಟಿಯಂ ನೀರಿನಲ್ಲಿ ಸಿಕ್ಕಿದರೆ ಅದು ಈಚಿನ ಮಳೆಯ ನೀರೆಂದು ತಿಳಿಯುತ್ತದೆ. ಹೀಲಿಯಂ ಹೆಚ್ಚಾಗಿದ್ದರೆ ಅದು ಬಹು ಪುರಾತನ ನೀರು. ಈ ಭೇದವೇಕೆ ಬೇಕು? ಈಚಿನ ನೀರು ವರ್ಷವರ್ಷವೂ ತುಂಬಿಕೊಳ್ಳುವ ಸಂಬಳವಿದ್ದಂತೆ. ಪುರಾತನ ನೀರು ಹಿರಿಯರು ಹೂತಿಟ್ಟ ಗಂಟು. ಒಮ್ಮೆ ತೆಗೆದರೆ ಮತ್ತೆ ನಮ್ಮ ಕಾಲದಲ್ಲಿ ತುಂಬದು.

ನೂರು ವರ್ಷಗಳಲ್ಲಿ ಎಷ್ಟು ವರ್ಷ?

ಈ ಸಂಶೋಧನೆಯ ಹೃದಯವೆಲ್ಲ ಒಂದು ಮಾತಿನಲ್ಲಿದೆ. ಅದೇ ‘ನೆಚ್ಚಿಕೆ’. ನದಿಯ ಸರಾಸರಿ ಹರಿವು ಇಷ್ಟೆಂದು ಹೇಳಿದರೆ ರೈತನಿಗೆ ಪ್ರಯೋಜನವಿಲ್ಲ. ಒಂದು ವರ್ಷ ಪ್ರಳಯ, ಮರುವರ್ಷ ಬರ ಬಂದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಸರಾಸರಿ ಮೂರಡಿ ಆಳದ ಹೊಳೆಯಲ್ಲಿ ಆರಡಿಯ ಆಳು ಮುಳುಗಿದಂತೆ ಆಗುತ್ತದೆ ಅಷ್ಟೆ. ಆದ್ದರಿಂದ ವಿಜ್ಞಾನಿಗಳು ನೂರಕ್ಕೂ ಹೆಚ್ಚು ವರ್ಷಗಳ ಮಳೆಯ ದಾಖಲೆಯನ್ನು ಗಣಕಯಂತ್ರಕ್ಕೆ ಉಣಿಸಿ, ಎಷ್ಟು ನೀರು ಎಷ್ಟು ವರ್ಷಗಳಲ್ಲಿ ಖಂಡಿತವಾಗಿ ದೊರೆತೀತೆಂದು ಎಣಿಸುತ್ತಾರೆ.

ಫಿಟ್ಸ್‌ರಾಯ್ ಕೊಳ್ಳದ ಬಗ್ಗೆ 2018ರ ವರದಿ ಹೇಳಿದ್ದು ಹೀಗೆ: ಪ್ರವಾಹದ ನೀರನ್ನು ಎತ್ತಿ ಸಂಗ್ರಹಿಸಿದರೆ, ನೂರರಲ್ಲಿ 85 ವರ್ಷ ಸುಮಾರು 60 ಟಿ.ಎಂ.ಸಿ. ನೀರು ದೊರೆತೀತು, ಅದರಿಂದ 1,60,000 ಹೆಕ್ಟೇರಿನಲ್ಲಿ ಮಳೆಯಿಲ್ಲದ ಹಂಗಾಮಿನ ಒಂದು ಬೆಳೆ ಬೆಳೆಯಬಹುದು. ಇದು ಭೌತಿಕವಾಗಿ ಸಾಧ್ಯವಾದ ಮೇರೆಯೇ ಹೊರತು, ಹೀಗೆ ಮಾಡಿರೆಂಬ ಸಲಹೆಯಲ್ಲ ಎಂಬುದನ್ನೂ ವಿಜ್ಞಾನಿಗಳು ಒತ್ತಿ ಹೇಳಿದರು.

ಈ ಬಗೆಯ ಲೆಕ್ಕ ನಮಗೆ ಹೊಸದಲ್ಲ. ಕೃಷ್ಣಾ ನದಿಯ ಜಗಳವನ್ನು ತೀರ್ಮಾನಿಸಿದ ಬಚಾವತ್ ನ್ಯಾಯಾಧಿಕರಣ 1973ರಲ್ಲಿ, ನೂರರಲ್ಲಿ 75 ವರ್ಷ ದೊರೆಯುವ ನೀರು 2,060 ಟಿ.ಎಂ.ಸಿ. ಎಂದು ಹಿಡಿದೇ ರಾಜ್ಯಗಳಿಗೆ ಹಂಚಿತು. ಮಿಕ್ಕ 25 ವರ್ಷಗಳಲ್ಲಿ ಕಾಲುವೆಯ ಕೊನೆಯ ಹೊಲದವನು ಏನು ಮಾಡಬೇಕೆಂಬುದು ಮಾತ್ರ ಯಾವ ತೀರ್ಪಿನಿಂದಲೂ ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ.

ಸಮುದ್ರಕ್ಕೆ ಹೋದ ನೀರು ವ್ಯರ್ಥವೆ?

ಸರಿ, ನೀರಿದೆ, ನೆಲವಿದೆ ಎಂದಾಯಿತು. ಹಾಗಾದರೆ ತಡೆಯೇನು? ಇಲ್ಲಿಗೆ ಬಂದಾಗ ಹಳೆಯ ನಂಬಿಕೆಯೊಂದು ಬುಡಮೇಲಾಗುತ್ತದೆ.

ಕಾರ್ಪೆಂಟೇರಿಯ ಕೊಲ್ಲಿಯಲ್ಲಿ ಹಿಡಿಯುವ ಒಂದು ಜಾತಿಯ ಸಿಗಡಿಯ ಫಸಲು, ಆ ವರ್ಷದ ಹೊಳೆಯ ನೀರನ್ನು ಅನುಸರಿಸಿ ಏರಿಳಿಯುತ್ತದೆ. ಮರಿಸಿಗಡಿಗಳು ಅಳಿವೆಗಳಲ್ಲಿ ಬೆಳೆದು, ಮಳೆಗಾಲದ ಸಿಹಿನೀರು ನುಗ್ಗಿದಾಗ ಸಮುದ್ರಕ್ಕೆ ಹೊರಡುತ್ತವೆ. ಹೊಳೆ ಸೊರಗಿದರೆ ಬಲೆಯೂ ಸೊರಗುತ್ತದೆ. ‘ವ್ಯರ್ಥ’ವೆಂದುಕೊಂಡ ನೀರು ಬೆಸ್ತನ ಮನೆಯಲ್ಲಿ ಅನ್ನವಾಗುತ್ತಿತ್ತು!

ಫಿಟ್ಸ್‌ರಾಯ್ ನದಿಯಾದರೋ, ಜಗತ್ತಿನಲ್ಲಿ ಅಳಿವಿನ ಅಂಚಿಗೆ ಬಂದಿರುವ ಗರಗಸ ಮೀನಿನ ಕೊನೆಯ ಭದ್ರ ನೆಲೆಗಳಲ್ಲಿ ಒಂದು. ಮರಿಗಳು ಪ್ರವಾಹದ ಬೆನ್ನೇರಿ ಸಮುದ್ರದಿಂದ ನದಿಯೊಳಕ್ಕೆ ಬಂದು, ಕೆಲವು ವರ್ಷ ಮಡುಗಳಲ್ಲಿ ಬೆಳೆಯುತ್ತವೆ. ದೊಡ್ಡ ಪ್ರವಾಹ ಬಂದ ವರ್ಷಗಳಲ್ಲಿಯೇ ಮರಿಗಳ ಸಂಖ್ಯೆ ಹೆಚ್ಚು. ಮಳೆ ಕೈಕೊಟ್ಟ ವರ್ಷದ ಕೊನೆಗೆ, 2018ರ ಡಿಸೆಂಬರಿನಲ್ಲಿ, ಬತ್ತಿದ ಒಂದು ಮಡುವಿನಲ್ಲಿ ನಲವತ್ತಕ್ಕೂ ಮೀರಿ ಗರಗಸ ಮೀನುಗಳು ಸತ್ತು ಬಿದ್ದುವು.

ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯರ ಪ್ರಶ್ನೆ ಇದೆ. ಆರ್ಗೈಲ್ ಸರೋವರ ತುಂಬಿದಾಗ ಮುಳುಗಿದ್ದು ಡ್ಯೂರಕ್ ಮನೆತನದ ಕಾವಲು ಮಾತ್ರವಲ್ಲ. ಅವರ ಕಲ್ಲಿನ ಮನೆಯನ್ನಾದರೂ ಬಿಚ್ಚಿ ಬೇರೆಡೆಗೆ ಸಾಗಿಸಿ ಕಟ್ಟಿದರು. ಆದರೆ ಮಿರಿಯುವಂಗ್ ಮೊದಲಾದ ಮೂಲನಿವಾಸಿಗಳ ಪೂಜ್ಯಸ್ಥಾನಗಳನ್ನು ಬಿಚ್ಚಿ ಸಾಗಿಸುವಂತಿರಲಿಲ್ಲ. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಆ ಜನರೊಡನೆ ಸರ್ಕಾರ ಆರ್ಡ್ ಒಪ್ಪಂದ ಮಾಡಿಕೊಂಡಿದ್ದು 2005ರಲ್ಲಿ. ನೆಲ ಮುಳುಗಿ ಮೂರು ದಶಕಗಳು ಕಳೆದ ಮೇಲೆ.

ಫಿಟ್ಸ್‌ರಾಯ್ ತೀರದ ಮೂಲನಿವಾಸಿಗಳು ಈ ಪಾಠವನ್ನು ಮರೆಯಲಿಲ್ಲ. ತಮ್ಮ ನದಿಯನ್ನು ಅವರು ಮಾರ್ಟುವರ್ರ ಎಂದು ಕರೆಯುತ್ತಾರೆ. 2016ರಲ್ಲಿ ಹಲವು ಕುಲಗಳವರು ಒಂದುಗೂಡಿ, ನದಿ ಜೀವಂತವಾದುದು, ಅದರ ರಕ್ಷಣೆ ತಮ್ಮ ಹೊಣೆ ಎಂದು ಘೋಷಣೆ ಹೊರಡಿಸಿದರು. 2017ರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಅಧಿಕಾರಕ್ಕೆ ಬಂದ ಪಕ್ಷ ಫಿಟ್ಸ್‌ರಾಯ್ ನದಿಗೆ ಅಣೆಕಟ್ಟು ಕಟ್ಟುವುದಿಲ್ಲವೆಂದು ಮಾತು ಕೊಟ್ಟಿತ್ತು. ನದಿಯೂ ತನ್ನ ಮಾತನ್ನು ಸೇರಿಸಿತು. 2023ರ ಜನವರಿಯಲ್ಲಿ ಫಿಟ್ಸ್‌ರಾಯ್ ಕ್ರಾಸಿಂಗ್ ಊರಿನಲ್ಲಿ ನೀರು 15.81 ಮೀಟರು ಏರಿ, ಹಿಂದೆ ಕಂಡರಿಯದ ಪ್ರವಾಹ ಬಂದು ಹೆದ್ದಾರಿಯ ಸೇತುವೆಯನ್ನೇ ಮುರಿಯಿತು. ಆ ಬಯಲಿನಲ್ಲಿ ಕಾಲುವೆ ಹೊಂಡಗಳನ್ನು ಕಟ್ಟುವವರು ಎಂತಹ ಹೊಳೆಯೊಡನೆ ಬಾಳಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ.

ನಮ್ಮ ಮನೆಯ ಲೆಕ್ಕ

ದೂರದ ದೇಶದ ಈ ಮಾತುಗಳನ್ನು ಓದುವಾಗ ನಮ್ಮ ತುಂಗಭದ್ರೆ ನೆನಪಾಗದಿರದು. ಅಲ್ಲಿ ನಮ್ಮ ಹಿರಿಯರು ಮುಂದಾಲೋಚನೆ ಮಾಡದೆ ಇರಲಿಲ್ಲ. ಅಣೆಕಟ್ಟಿಗೆ ಅಡಿಗಲ್ಲು ಬೀಳುವ ಮೊದಲೇ, 1937ರಲ್ಲಿ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ಹುಟ್ಟಿತು. ಎರೆಭೂಮಿಗೆ ನೀರು ಹಾಯಿಸಿದರೆ ಏನಾದೀತೆಂದು ತಿಳಿಯುವುದೇ ಅದರ ಕೆಲಸವಾಗಿತ್ತು. ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು, ಕಡಮೆ ನೀರಿನ ಬೆಳೆ ಎಂಬ ತತ್ತ್ವದ ಮೇಲೆ ಕಾಲುವೆಗಳನ್ನು ಯೋಜಿಸಿದರು. ಆದರೆ ಕಾಲುವೆಯ ಮೇಲ್ತುದಿಯವರು ಬತ್ತ ಹಾಕಿದರು. ಕೆಳತುದಿಯವರು ಬಾಯಿಬಿಟ್ಟು ಕುಳಿತರು. ನೀರು ಹೆಚ್ಚಾದ ಹೊಲಗಳಲ್ಲಿ ಜವುಳು ನಿಂತು ಉಪ್ಪು ಮೇಲೆದ್ದಿತು. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ, 2016ರ ಸಮೀಕ್ಷೆಯ ವೇಳೆಗೆ 105.788 ಟಿ.ಎಂ.ಸಿ.ಗೆ ಇಳಿದಿತ್ತು. 2024ರ ಆಗಸ್ಟ್ 10ರ ರಾತ್ರಿ 19ನೆಯ ತೂಬಿನ ಬಾಗಿಲಿನ ಸರಪಳಿ ಕಡಿದು ತುಂಬಿದ ಜಲಾಶಯದ ನೀರು ಹರಿದುಹೋದುದನ್ನು ಎಲ್ಲರೂ ಬಲ್ಲರು. ಲಕ್ಷಾಂತರ ಎಕರೆಗಳ ಬೆಳೆ ಒಂದು ಸರಪಳಿಯ ಕೊಂಡಿಯನ್ನು ನಂಬಿ ನಿಂತಿತ್ತು!

ಆದುದರಿಂದ ಜಲಭದ್ರತೆ ಎಂಬುದು ಅಣೆಕಟ್ಟಿನ ಎತ್ತರದ ಮಾತಲ್ಲ. ಮಳೆಯನ್ನು ಅಳೆಯುವ ಮಾಪಕ, ಮಣ್ಣನ್ನು ಪರೀಕ್ಷಿಸುವ ಪ್ರಯೋಗಶಾಲೆ, ಹುಳುವಿನ ಸ್ವಭಾವ ಬಲ್ಲ ಕೃಷಿವಿಜ್ಞಾನಿ, ಪೇಟೆಯ ಧಾರಣೆ ಬಲ್ಲ ಲೆಕ್ಕಿಗ, ಸರಪಳಿಗೆ ಎಣ್ಣೆ ಹಾಕುವ ಮೇಸ್ತ್ರಿ ಇವರೆಲ್ಲ ಸೇರಿ ಕಾಯಬೇಕಾದ ನಿಧಿ ಅದು. ಲೆಕ್ಕ ಹಾಕಿದವನ ಮಾತನ್ನು ಕೇಳುವ ತಾಳ್ಮೆ ಆಳುವವರಿಗೂ ಉಳುವವರಿಗೂ ಇರಬೇಕು.

ಉತ್ತರ ಆಸ್ಟ್ರೇಲಿಯದ ಹೊಳೆಗಳಲ್ಲಿ ಬಹುಪಾಲು ಇನ್ನೂ ಸ್ವತಂತ್ರವಾಗಿ ಹರಿಯುತ್ತಿವೆ. ಅವುಗಳ ನೀರಿನಲ್ಲಿ ಎಷ್ಟನ್ನು ಹೊಲಕ್ಕೆ, ಎಷ್ಟನ್ನು ಮೀನಿಗೆ, ಎಷ್ಟನ್ನು ಮುಂದಿನ ಪೀಳಿಗೆಗೆ ಎಂದು ಹಂಚುವ ಅವಕಾಶ ಆ ಜನರಿಗೆ ಇನ್ನೂ ಇದೆ. ನಮ್ಮ ನದಿಗಳಲ್ಲಿ ಆ ಹಂಚಿಕೆ ಎಂದೋ ನಡೆದುಹೋಗಿದೆ. ನಮಗೆ ಉಳಿದಿರುವುದು, ಬಂದ ಪಾಲನ್ನು ಜಾಣತನದಿಂದ ಬಳಸಿ, ಕಾಲುವೆಯ ಕೊನೆಯ ಹೊಲದವನಿಗೂ ಮುಟ್ಟಿಸುವ ಕೆಲಸ. ಅದೂ ಸಣ್ಣ ಕೆಲಸವೇನಲ್ಲ.